ಸಬ್ಜೆಕ್ಟ್ ಇಲ್ಲದ ಮೇಲ್

ಮಾರ್ಚ್ ೧೨, ಮಂಗಳವಾರ

ಸಾಕಪ್ಪಾ ಸಾಕು. ಹೊಲಿಗೆ ಮೆಷಿನ್ ರಿಪೇರಿಯವರ ಇಮೇಲ್ ಗುಂಪು ನೋಡಿಕೊಳ್ಳುವ ಉಸಾಬರಿ ನನಗೆ ಯಾಕಾದರೂ ಬೇಕಿತ್ತೋ.

ಬೆಳಿಗ್ಗೆ ಹೊಸದಾಗಿ ಸೇರಿದ ಟೈಲರ್ ಒಬ್ಬಾಕೆ ಬರೆದಿದ್ದಳು: ದಾರ ಪದೇ ಪದೇ ತುಂಡಾಗುತ್ತಿದೆ, ನಾಳೆ ಬಟ್ಟೆ ಕೊಡಬೇಕು, ಏನು ಮಾಡಲಿ? ಸಬ್ಜೆಕ್ಟ್ ಜಾಗ ಖಾಲಿ ಬಿಟ್ಟಿದ್ದಳು. ಅಷ್ಟೇ ಸಾಕಾಯ್ತು.

ನಾವೆಲ್ಲ ಹೆಡ್‌ಮಾಸ್ಟರು ಅಂತ ಕರೆಯುವ ಹಿರಿಯ ಸದಸ್ಯರು, ಸಬ್ಜೆಕ್ಟ್ ಇಲ್ಲದ ಮೇಲ್ ನಾನು ಓದುವುದಿಲ್ಲ ಅಂತ ಬರೆದರು. ಓದದೆ ಉತ್ತರ ಹೇಗೆ ಕೊಟ್ಟರೋ! ಇನ್ನೊಬ್ಬ, ಹೊಸಬರ ಹತ್ತಿರ ಹೀಗಾ ಮಾತಾಡೋದು ಅಂತ ಅವರ ಮೇಲೆ ಹರಿಹಾಯ್ದ. ಮೂರನೆಯವನು, ನಿಮ್ಮ ಜಗಳ ನಿಮ್ಮಿಬ್ಬರಲ್ಲೇ ಇರಲಿ ಅಂತ ಎಲ್ಲರಿಗೂ ಕಳಿಸಿದ. ನನ್ನ ಊಟ ತಟ್ಟೆಯಲ್ಲೇ ಆರಿತು. ಅಂಗಡಿ ಕೆಲಸ ಬದಿಗಿಟ್ಟು, ಗುಂಪಿನಲ್ಲಿ ಹೇಗೆ ನಡೆದುಕೊಳ್ಳಬೇಕು ಅಂತ ಎರಡು ಪುಟ ಬರೆದು ಹಾಕಿದೆ. ಜಗಳ ನಿಂತಿತು. ಶಹಬ್ಬಾಸ್ ಅಂದವರೇ ಎಲ್ಲರೂ. ಒಳಗೊಳಗೇ ಬೀಗಿದ್ದೂ ಹೌದು.

ರಾತ್ರಿ ಊಟ ಆದಮೇಲೆ ಆ ಎರಡು ಪುಟ ಹೆಂಡತಿಗೆ ಓದಿ ಹೇಳಿದೆ. ಪಾತ್ರೆ ತೊಳೆಯುತ್ತಲೇ ಕೇಳಿದಳು, "ಅದೆಲ್ಲ ಸರಿ ಕಣ್ರೀ, ಪಾಪ ಆಕೆಯ ದಾರದ ಕಥೆ ಏನಾಯ್ತು?"

ಸೂಜಿ ಹಿಂದುಮುಂದಾಗಿ ಹಾಕಿರುತ್ತಾಳೆ, ಇನ್ನೇನಿರುತ್ತೆ. ಒಂದು ಸಾಲಿನ ಉತ್ತರ. ಇಷ್ಟು ಜನ ರಿಪೇರಿಯವರು, ಒಬ್ಬರೂ ಹೇಳಲಿಲ್ಲ, ನಾನೂ.

ಈಗಲಾದರೂ ಬರೆಯೋಣ ಅಂತ ಕಣ್ಣುಜ್ಜಿಕೊಂಡು ತೆರೆದರೆ ಅವಳದೇ ಮೇಲ್ ಬಂದು ಕೂತಿದೆ. ಒಳಗೆ ಏನೂ ಬರೆದಿಲ್ಲ. ಸಬ್ಜೆಕ್ಟ್ ಮಾತ್ರ ಈ ಸಲ ಮರೆತಿಲ್ಲ: "ತಪ್ಪಾಯ್ತು, ಗುಂಪು ಬಿಡುತ್ತಿದ್ದೇನೆ."