ಬೀರುವಿನ ಹಿಂದೆ ಸಿಕ್ಕ ಚೌಡಮ್ಮ

ದಾವಣಗೆರೆ,
ಫೆಬ್ರವರಿ ಮೂವತ್ತು, ೨೧೩೧

ನೂರು ವರ್ಷ ಹಿಂದಿನವರಿಗೆ ಸಂಪದಾಳ ನಮಸ್ಕಾರಗಳು. ತಾರೀಖು ನೋಡಿ ನಗಬೇಡಿ, ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಮನ್ನಿಸಿ.

ನಾನು ಸಪಾಟು ಇಲಾಖೆಯಲ್ಲಿ ಗುಮಾಸ್ತ ಕೆಲಸದಲ್ಲಿದ್ದೇನೆ. ನಿಮ್ಮ ಕಾಲದ ಇಂಗ್ಲಿಷ್ ಕಡತಗಳಲ್ಲಿ ಗಂಡು ಹೆಣ್ಣಿನ ಗುರುತು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಅದನ್ನು ತೆಗೆದು ಹೊಸ ಪ್ರತಿ ಮಾಡುವುದಕ್ಕೆ ನಾವು ಸಪಾಟು ಎನ್ನುತ್ತೇವೆ. ಚೇರ್‌ಮನ್ ಇದ್ದಲ್ಲಿ ಚೇರ್‌ಪರ್ಸನ್, ಫೈರ್‌ಮನ್ ಇದ್ದಲ್ಲಿ ಫೈರ್‌ಫೈಟರ್. ಹೆಸರಿನಿಂದಲೂ ಗುರುತು ಸಿಗಬಾರದೆಂದು ಬರೀ ಇನಿಷಿಯಲ್. ಹಳೆಯ ಪ್ರತಿ ಕಾಗದದ ಗಿರಣಿಗೆ ಹೋಗುತ್ತದೆ. ಈ ಹೊಸ ಮಾತುಗಳಿಗಾಗಿ ನೀವು ಜಗಳವಾಡಿದಿರಿ, ನಗೆಪಾಟಲಾದಿರಿ ಎಂದು ಓದಿದ್ದೇನೆ. ಅದು ದಂಡವಾಗಲಿಲ್ಲ. ಕೆಲಸದ ಹೆಸರು ಕೇಳಿದೊಡನೆ ಇದು ನನಗಲ್ಲ ಎಂದು ನಮ್ಮ ಮಕ್ಕಳು ಯಾರೂ ಹಿಂದೆ ಸರಿಯುವುದಿಲ್ಲ. ಅತಿ ಮಾಡಿದವರು ನಾವು. ಮುಂದಿನವರಿಗೆಂದು ಹುಟ್ಟಿದ ಮಾತನ್ನು ಸತ್ತವರ ಮೇಲೂ ಹೊದಿಸಿದೆವು.

ನನ್ನ ಅಜ್ಜಿ ಹೊನ್ನಮ್ಮನವರಿಗೆ ಎಂಬತ್ತೆಂಟು. ತನ್ನ ಅಜ್ಜಿ ಚೌಡಮ್ಮ ಅಗ್ನಿಶಾಮಕ ದಳದಲ್ಲಿದ್ದರು, ಹತ್ತಿ ಗೋದಾಮಿಗೆ ಬೆಂಕಿ ಬಿದ್ದಾಗ ಒಳಗೆ ನುಗ್ಗಿ ಮೂವರನ್ನು ಹೊತ್ತು ತಂದರು ಎಂದು ಜೀವಮಾನವೆಲ್ಲ ಹೇಳಿಕೊಂಡು ಬಂದವರು. ಯಾರೂ ನಂಬಲಿಲ್ಲ. "ಬಂತು ನೋಡ್ರಪ್ಪ, ಫೈರ್ ಇಂಜಿನ್ ಮೊಮ್ಮಗಳು" ಎಂದು ಓಣಿಯವರು ಆಡಿಕೊಂಡರು. ಈಚೆಗೆ ದಾಖಲೆ ತೆಗೆಸಿ ತೋರಿಸೋಣವೆಂದರೆ ಅದರಲ್ಲಿ ಇದ್ದದ್ದು ಫೈರ್‌ಫೈಟರ್ ಟಿ. ಸಿ. ಅಷ್ಟೇ. ಅದು ಚನ್ನಪ್ಪನೋ ಚಂದ್ರಪ್ಪನೋ ಯಾರಿಗೆ ಗೊತ್ತು? ಈ ಸಂಕ್ರಾಂತಿ ಕಳೆದ ಮೇಲೆ ಅಜ್ಜಿ ಹಾಸಿಗೆ ಹಿಡಿದರು. "ಸಾಯೋದ್ರೊಳಗೆ ನಾನು ಹೇಳಿದ್ದು ಸುಳ್ಳಲ್ಲ ಅಂತ ಒಬ್ಬರಾದ್ರೂ ಅನ್ರಪ್ಪ" ಎಂದರು.

ಹುಡುಕಲು ಕುಳಿತೆ. ಹೊಸ ಪ್ರತಿಯ ಕೆಳಗಿನ ಸಹಿಯನ್ನು ಎರಡೆರಡು ಸಲ ನೋಡಿದೆ. ಅದು ನನ್ನದೇ. ಕೆಲಸಕ್ಕೆ ಸೇರಿದ ಮೊದಲ ವಾರ ಶಹಬ್ಬಾಸ್‌ಗಿರಿಗೆಂದು ಒಂದೇ ದಿನ ನಲವತ್ತು ಕಡತ ಸಪಾಟು ಮಾಡಿದ್ದೆ. ಯಂತ್ರ ತೆಗೆದ ಪ್ರತಿಗೆ ಸಹಿ ಹಾಕಿದ್ದೇ ಹಾಕಿದ್ದು, ಒಂದನ್ನೂ ಓದಿರಲಿಲ್ಲ.

ಕಾಪಾಡಿದ್ದು ಸಿರಾಜಣ್ಣನ ಸೋಮಾರಿತನ. ಹಳೆಯ ಪ್ರತಿಗಳನ್ನು ಗಿರಣಿಗೆ ಸಾಗಿಸಬೇಕಾದವರು ಅವರು. ಆ ವಾರ ಲಿಫ್ಟ್ ಕೆಟ್ಟಿತ್ತಂತೆ. ಮೂರು ಮಹಡಿ ಯಾರು ಇಳಿಯುತ್ತಾರೆಂದು ಕಟ್ಟುಗಳನ್ನೆಲ್ಲ ಬೀರುವಿನ ಹಿಂದೆ ತುರುಕಿದ್ದರು. "ಮೇಲಿನೋರಿಗೆ ಹೇಳ್ಬೇಡವ್ವಾ" ಎಂದು ಗೋಗರೆದರು. ನಾನು ಅವರ ಕಾಲಿಗೆ ಬೀಳುವುದೊಂದು ಬಾಕಿ. ಧೂಳು ಕೊಡವಿ ಹಾಳೆ ಬಿಡಿಸಿದರೆ, ಫೈರ್‌ಮನ್ ಶ್ರೀಮತಿ ಟಿ. ಚೌಡಮ್ಮ! ಕೆಳಗೆ ಆ ಮೂವರ ಹೆಸರೂ ಇತ್ತು.

ಅಜ್ಜಿಗೆ ಓದಿ ಹೇಳಿದೆ. ಮುಚ್ಚಿದ್ದೂ ನಾನೇ ಎಂದು ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಎದ್ದು ಕೂತು, "ಕಿಟಕಿ ತೆಗಿಯವ್ವ. ಇನ್ನೊಂದ್ಸಲ ಜೋರಾಗಿ ಓದು, ಓಣಿಗೆ ಕೇಳ್ಲಿ" ಎಂದರು. ಗಂಟಲು ಕಟ್ಟುವವರೆಗೂ ಓದಿದೆ. ಎಷ್ಟೋ ದಿನಗಳ ಮೇಲೆ ಇಬ್ಬರೂ ಹೊಟ್ಟೆ ತುಂಬ ಉಂಡೆವು.

ನಿಮ್ಮಲ್ಲಿ ಒಂದು ಕೋರಿಕೆ. ನಾಳೆಯ ಕಾಗದಗಳಲ್ಲಿ ಮಾತುಗಳನ್ನು ಧಾರಾಳವಾಗಿ ಬದಲಿಸಿ, ನಿನ್ನೆಯ ಕಾಗದಗಳನ್ನು ಮುಟ್ಟಬೇಡಿ. ಚೌಡಮ್ಮನವರು ಇನ್ನೂ ನಿಮ್ಮ ನಡುವೆಯೇ ಇದ್ದಾರೆ. ಗೋದಾಮಿಗೆ ಇನ್ನೂ ಬೆಂಕಿ ಬಿದ್ದಿಲ್ಲ. ಅವರು ಎಲ್ಲಾದರೂ ಕಂಡರೆ ದಯವಿಟ್ಟು ಹೇಳಿ: ಮುಂದೆ ಅವರಿಗೊಬ್ಬಳು ಮೊಮ್ಮಗಳು ಹುಟ್ಟುತ್ತಾಳೆ, ಊರೆಲ್ಲ ನಕ್ಕರೂ ಅವಳು ಅವರನ್ನು ಬಿಟ್ಟುಕೊಡುವುದಿಲ್ಲ.

ಇಂತಿ,
ಸಂಪದಾ