ನೀಲಿ ತಂತಿ ಕಿತ್ತುಬಿಡು

ಬುಧವಾರ, ಬೆಳಿಗ್ಗೆ ಹತ್ತೂವರೆ

ಪ್ರೀತಿಯ ಅಕ್ಕನಿಗೆ,

ಕ್ಷೇಮಸಮಾಚಾರವೆಲ್ಲ ಆಮೇಲೆ. ಮೊದಲು ನಿನ್ನ ವಾರ್ಡಿನಲ್ಲಿ ಮಕ್ಕಳಿಗೆ ಔಷಧಿ ಇಳಿಸುವ ಪಂಪುಗಳ ಹಿಂದಿರುವ ನೀಲಿ ತಂತಿಗಳನ್ನು ಕಿತ್ತುಬಿಡು. ಪಂಪು ನಿಲ್ಲುವುದಿಲ್ಲ, ಪ್ರಮಾಣವನ್ನು ಕೈಯಾರೆ ಒತ್ತಬೇಕಾಗುತ್ತದೆ, ಅಷ್ಟೆ. ಕಿತ್ತ ಮೇಲೆ ಮುಂದೆ ಓದು.

ಆ ಪಂಪಿನ ಪ್ರೋಗ್ರಾಮನ್ನು ಸಾಲುಸಾಲಾಗಿ ಓದಿ, ದುಷ್ಟರು ನುಸುಳಬಹುದಾದ ಸಂದಿ ಹುಡುಕುವುದು ನನ್ನ ಕೆಲಸ. ಸೋಮವಾರ ಒಂದು ಸಿಕ್ಕಿತು. ಆಸ್ಪತ್ರೆಯ ನೆಟ್‌ವರ್ಕಿನಿಂದ ಆ ನೀಲಿ ತಂತಿಯಲ್ಲಿ ಪ್ರಮಾಣ ಬದಲಿಸು ಎಂಬ ಆಜ್ಞೆ ಬಂದರೆ, ಹೇಳುತ್ತಿರುವುದು ಯಾರೆಂದು ಪಂಪು ಕೇಳುವುದೇ ಇಲ್ಲ. ಆಸ್ಪತ್ರೆಯ ವೈಫೈ ಸಿಕ್ಕವನು ಕಾಯುವ ಕೋಣೆಯಲ್ಲಿ ಕೂತೇ ಎರಡನ್ನು ಇಪ್ಪತ್ತು ಮಾಡಬಹುದು.

ಮ್ಯಾನೇಜರಿಗೆ ಪರದೆಯ ಮೇಲೆ ಮಾಡಿಯೇ ತೋರಿಸಿದೆ. ಮಕ್ಕಳ ವಾರ್ಡಿಗೆ ಯಾವ ಕಳ್ಳ ಬರ್ತಾನಮ್ಮಾ, ಪತ್ತೇದಾರಿ ಕಾದಂಬರಿ ಓದೋದು ಸ್ವಲ್ಪ ಕಡಿಮೆ ಮಾಡು ಅಂತ ನಕ್ಕರು. ಮುಂದಿನ ತಿಂಗಳು ಸರಿಮಾಡೋಣವಂತೆ! ಹನ್ನೊಂದು ವರ್ಷದ ಹಿಂದೆ ನೀರಿನ ಇಲಾಖೆಯ ಕಂಪ್ಯೂಟರಿಗೆ ಯಾರೋ ನುಗ್ಗಿ ಮೂರು ದಿನ ನಲ್ಲಿಗಳು ಒಣಗಿದ್ದವಲ್ಲ, ಅದಕ್ಕೆ ಮೊದಲೂ ದೊಡ್ಡವರು ಹೀಗೇ ನಕ್ಕಿದ್ದರು. ನಕ್ಕವರಿಗೆ ಬಡ್ತಿ ಸಿಕ್ಕಿತು, ಎಚ್ಚರಿಸಿದ ಗುಮಾಸ್ತರ ಕೆಲಸ ಹೋಯಿತು. ಊರು ಮರೆತಿದೆ, ನಾನು ಮರೆತಿಲ್ಲ.

ನಿಮ್ಮ ಆಸ್ಪತ್ರೆಯ ಕಚೇರಿಗೆ ಮೂರು ಸಲ ಫೋನ್ ಮಾಡಿದೆ. ಕಂಪನಿ ಲೆಟರ್‌ಹೆಡ್‌ನಲ್ಲಿ ಬರ್ಕೊಡಿ ಅಂದರು. ಅದು ತಿಳಿದು ನಿನ್ನೆ ಕಂಪನಿ ನನ್ನ ಆಫೀಸಿನ ಪಾಸನ್ನೂ ಕಸಿದುಕೊಂಡಿತು. ಇಂದು ಬೆಳಿಗ್ಗೆ ನೋಡಿದರೆ ಅದೇ ಸಂದಿಯ ವಿವರವನ್ನು ಯಾರೋ ಇಂಟರ್ನೆಟ್ಟಿನಲ್ಲಿ ಹಾಕಿದ್ದಾರೆ. ನೀನು ಡ್ಯೂಟಿಯಲ್ಲಿ ಫೋನ್ ಮುಟ್ಟುವುದಿಲ್ಲ. ಅದಕ್ಕೇ ಈ ಕಾಗದವನ್ನು ಗೇಟಿನ ಕಾವಲುಗಾರರ ಕೈಗಿಟ್ಟು, ಈಗಲೇ ನಿನಗೆ ತಲುಪಿಸಿ ಎಂದು ಕಾಲು ಹಿಡಿಯುವುದೊಂದು ಬಾಕಿ ಎನ್ನುವಷ್ಟು ಬೇಡಿಕೊಳ್ಳುತ್ತೇನೆ.

ಮೇಲಿನವರು ಬೈದರೆ, ತಂಗಿಗೆ ತಲೆ ಕೆಟ್ಟಿದೆ ಎಂದುಬಿಡು.

ನಿನ್ನ
ಪುಟ್ಟಿ

ತಾ.ಕ.: ಮ್ಯಾನೇಜರ್ ಎಂದು ಬರೆದೆನಲ್ಲ, ಅದು ಭಾವನೇ. ಪರೀಕ್ಷೆ ಬೇಗ ಮುಗಿಯಲೆಂದು ಗುರುತು ಕೇಳುವ ಸಾಲುಗಳನ್ನು ತೆಗೆದವರು, ಮತ್ತೆ ಸೇರಿಸಲಿಲ್ಲ. ನಮ್ಮಲ್ಲಿ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ಒಪ್ಪಬೇಕು. ಎಂಟು ತಿಂಗಳ ಹಿಂದೆ ಅದು ನನ್ನ ಮುಂದೆ ಬಂದಾಗ, ಭಾವ ಬರೆದದ್ದಲ್ಲವೇ ಎಂದು ಓದದೆಯೇ ‘ಪರಿಶೀಲಿಸಿದೆ, ಸರಿಯಿದೆ’ ಎಂದು ಒತ್ತಿದವಳು ನಾನು. ಸಂಜೆ ನಮ್ಮಿಬ್ಬರನ್ನೂ ಏನು ಬೇಕಾದರೂ ಮಾಡು ಅಕ್ಕ. ಗೇಟಿನ ಎದುರಿನ ಬೆಂಚಿನಲ್ಲಿ ಕೂತಿದ್ದೇನೆ, ತಂತಿ ಕಿತ್ತಿದ್ದರೆ ಕಿಟಕಿಯಿಂದ ಒಮ್ಮೆ ಕೈ ಬೀಸು.