ಅರವತ್ತನಾಲ್ಕನೇ ರಿಬ್ಬನ್

ಎಸ್ಟೇಟ್ ಆಫೀಸು, ಬಾಳೂರು
ಫೆಬ್ರವರಿ ೧೧, ಮಂಗಳವಾರ

ನನ್ನ ಫೋನ್ ಎತ್ತದ ಹುಸ್ನಾಗೆ,

ಸಮಾಧಾನ ಹೇಳಲೋ ಬೈಯಲೋ ತಿಳಿಯದೆ ರಂಜಿತಾ ಬರೆಯುತ್ತಿರುವ ಕಾಗದ ಇದು. ಹೇಗಿದ್ದೀಯ ಅಂತ ಕೇಳುವುದಿಲ್ಲ. ಅದು ಇವತ್ತು ಬೆಳಿಗ್ಗೆಯೇ ಗೊತ್ತಾಯಿತು. ಎಸ್ಟೇಟ್ ಜೀಪಿನ ಬ್ರೇಕು ತೋರಿಸಲು ನಿನ್ನ ಗಂಡನ ಗ್ಯಾರೇಜಿಗೆ ಹೋಗಿದ್ದೆ. ಉಬೈದ್ ಜೀಪಿನ ಅಡಿಯಲ್ಲಿ ಮಲಗಿಕೊಂಡೇ ಹೇಳಿದರು, "ಅವ್ಳು ಮೂಡಿಗೆರೆಗೆ ಹೋಗಿ ಕಣ್ಣು ತೋರಿಸ್ಕೊಂಡು ಬಂದ್ಲು ಮಾರಾಯ್ರೆ. ಡಾಕ್ಟ್ರು ಎಂತ ತೊಂದ್ರೆನೂ ಇಲ್ಲ ಅಂದ್ರು. ಹಾಗಾದ್ರೆ ನನ್ನ ತಲೆಯೇ ಸರಿ ಇಲ್ಲ ಅಂತ ಈಗ ಮೂಲೇಲಿ ಕೂತಿದ್ದಾಳೆ. ನೀವಾದ್ರೂ ಒಂದು ಮಾತು ಹೇಳಿ." ಹೇಳುತ್ತೇನೆ ಅಂದೆ. ಅವರ ಮುಖ ಕಾಣದಿದ್ದದ್ದು ಒಳ್ಳೆಯದೇ ಆಯಿತು.

ನೀನು ನಮ್ಮ ಓಟದ ಕ್ಲಬ್ಬಿನ ವಾಟ್ಸಾಪ್ ಗ್ರೂಪಿನಿಂದ ಹೊರಗೆ ಹೋದೆ. ನಾನು ಹನ್ನೊಂದು ಸಲ ಫೋನ್ ಮಾಡಿದೆ, ಒಂದು ಸಲವೂ ಎತ್ತಲಿಲ್ಲ. ಎತ್ತಿದ್ದರೂ ನಾನು ಮಾತನ್ನು ಎಲ್ಲೆಲ್ಲಿಗೋ ತಿರುಗಿಸಿ, ಬಿರಿಯಾನಿ ಯಾವಾಗ ಮಾಡ್ತೀಯ ಅಂತ ಕೇಳಿ ಇಟ್ಟುಬಿಡುತ್ತಿದ್ದೆನೇನೋ. ಬರೆಯಲು ಕೂತರೆ ಹಾಗಾಗುವುದಿಲ್ಲ. ದಿನಾ ಆಳುಗಳ ಹಾಜರಿ ಬರೆಯುವ ರೈಟರ್ ನಾನು, ಬಂದವರನ್ನು ಬರಲಿಲ್ಲ ಅಂತ ಒಂದು ದಿನವೂ ಬರೆದವಳಲ್ಲ.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ನನಗೆ ನಿನ್ನನ್ನು ಕಂಡರೆ ಹೊಟ್ಟೆಕಿಚ್ಚು. ಬೇರೆ ಒಳ್ಳೆಯ ಹೆಸರು ಹುಡುಕಿದೆ, ಸಿಗಲಿಲ್ಲ.

ಹೋದ ಮಳೆಗಾಲಕ್ಕೆ ಮುಂಚೆ ನಿನ್ನನ್ನು ಕ್ಲಬ್ಬಿಗೆ ಕರೆದುಕೊಂಡು ಬಂದವಳು ನಾನೇ. ಹೊಲಿಗೆ ಮಿಷನ್ನಿನ ಮುಂದೆ ಕೂತು ಕೂತು ಸೊಂಟ ಹಿಡಿಯಿತು ಅಂತ ನೀನು ಗೋಳಾಡುತ್ತಿದ್ದೆ. ನಾಲ್ಕು ಹೆಜ್ಜೆ ಓಡು, ಸರಿಹೋಗುತ್ತದೆ ಅಂದೆ. ನಾಲ್ಕು ಹೆಜ್ಜೆಗೆ ನಿಲ್ಲಿಸಿದ್ದರೆ ಏನಾಗುತ್ತಿತ್ತು ನಿನಗೆ? ಐದು ವರ್ಷದಿಂದ ನಾನು ಕೋಳಿ ಕೂಗುವ ಮುಂಚೆ ಎದ್ದು ಓಡುತ್ತಿದ್ದೇನೆ. ಜಿಗಣೆಗೆ ರಕ್ತ ಕೊಟ್ಟಿದ್ದೇನೆ, ಕಾಲಿನ ಎರಡು ಉಗುರು ಕಳೆದುಕೊಂಡಿದ್ದೇನೆ, ನಿಮಿಷ ಸೆಕೆಂಡು ಬರೆದಿಟ್ಟ ಎರಡು ನೋಟ್‌ಬುಕ್ ನನ್ನ ಹತ್ತಿರ ಇವೆ. ನೀನು ಚೂಡಿದಾರದ ಮೇಲೆ ಸ್ಕಾರ್ಫ್ ಬಿಗಿದುಕೊಂಡು, ಕಳಸದ ಅಂಗಡಿಯ ಬಿಳಿ ಬೂಟು ಹಾಕಿಕೊಂಡು ಬಂದೆ. ಡಿಸೆಂಬರಿನಲ್ಲಿ ಗುಡ್ಡದ ಏರಿನಲ್ಲಿ ನನ್ನನ್ನು ದಾಟಿದೆ. ಸುಮ್ಮನೆ ದಾಟಿ ಹೋಗಿದ್ದರೆ ಸಾಯಲಿ ಅನ್ನಬಹುದಿತ್ತು. "ಬಾ ಮಾರಾಯ್ತಿ, ಎಂತ ಇಷ್ಟು ನಿಧಾನ" ಅಂತ ನಕ್ಕೆ. ನನಗೆ ಉಸಿರೇ ಬರುತ್ತಿರಲಿಲ್ಲ, ನಿನಗೆ ನಗು ಬರುತ್ತಿತ್ತು.

ಏರಿನ ತುದಿಯಲ್ಲಿ ದಯಾನಂದ ಮೇಷ್ಟ್ರು ನಿಂತಿದ್ದರು. ಹೈಸ್ಕೂಲಿನಲ್ಲಿ ನಮ್ಮಿಬ್ಬರಿಗೂ ಪೀಟಿ ಕಲಿಸಿದವರು, ರಿಟೈರ್ ಆದ ಮೇಲೆ ಈ ಕ್ಲಬ್ಬು ಕಟ್ಟಿದವರು. ನಾನು ಮೂರು ವರ್ಷ ಸಾಲಾಗಿ ಕಪ್ಪು ಗೆದ್ದಾಗ ಅವರ ಬಾಯಲ್ಲಿ ಬಂದದ್ದು ಒಂದೇ ಮಾತು, "ಪರವಾಗಿಲ್ಲ." ಅವತ್ತು ನಿನ್ನನ್ನು ತೋರಿಸಿ ನನಗೆ ಹೇಳಿದರು, "ನೋಡು ರಂಜಿತಾ, ಓಡೋದು ಅಂದ್ರೆ ಹೀಗೆ." ಇನ್ನು ಓಟ ಮುಗಿದಾಗೆಲ್ಲ ಉಬೈದ್ ಫ್ಲಾಸ್ಕಿನಲ್ಲಿ ಸುಲೈಮಾನಿ ಚಹಾ ತಂದು ನಿಂತಿರುತ್ತಾರೆ. ನನಗೂ ಒಂದು ಲೋಟ ಕೊಡುತ್ತಾರೆ, ಪಾಪ. ಅದು ಇನ್ನೂ ಉರಿಸುತ್ತದೆ.

ಈಗ ಎರಡನೇ ತಾರೀಖಿನ ಓಟದ ವಿಷಯ. ಹದಿನೆಂಟು ಕಿಲೋಮೀಟರು, ಅರ್ಧ ತೋಟ, ಅರ್ಧ ಗುಡ್ಡ. ಮೊದಲು ಬಂದವಳಿಗೆ ಕಪ್ಪು, ಅದರ ಜೊತೆಗೆ ಬರುವ ಭಾನುವಾರ ಚಿಕ್ಕಮಗಳೂರಿನಲ್ಲಿ ನಡೆಯುವ ಜಿಲ್ಲಾ ಓಟಕ್ಕೆ ನಮ್ಮ ಕ್ಲಬ್ಬಿನಿಂದ ಇರುವ ಒಂದೇ ಒಂದು ಜಾಗ. ಆ ಜಾಗ ನಿನ್ನದು ಅಂತ ಮಲ್ಲಂದೂರಿನ ಕ್ಲಬ್ಬಿನವರೂ ಮಾತಾಡಿಕೊಳ್ಳುತ್ತಿದ್ದರು. ನನ್ನ ಕಿವಿಗೆ ಬಿದ್ದಿತ್ತು.

ನಮ್ಮ ಪದ್ಧತಿ ನಿನಗೆ ಗೊತ್ತಲ್ಲ. ಹಿಂದಿನ ವರ್ಷ ಗೆದ್ದವರೇ ಮುನ್ನಾದಿನ ದಾರಿಗೆ ರಿಬ್ಬನ್ ಕಟ್ಟಬೇಕು. ಕರು ಕಟ್ಟುವ ಹಾಗೆ ಜಾರುಗಂಟು ಹಾಕಬೇಕು, ತುದಿ ಎಳೆದರೆ ಬಿಚ್ಚಿಕೊಳ್ಳಬೇಕು. ಎಲ್ಲರ ಹಿಂದೆ ಓಡುವ ಚನ್ನಕೇಶವ ಅವನ್ನು ಬಿಚ್ಚಿಕೊಂಡು ಬಂದು ಮೇಷ್ಟ್ರ ಮುಂದೆ ಎಣಿಸಬೇಕು. ತೋಟದಲ್ಲಿ ಒಂದು ಚೂರೂ ಉಳಿಸುವುದಿಲ್ಲ ಅಂತ ಮಾತು ಕೊಟ್ಟ ಮೇಲೆಯೇ ನಮ್ಮ ಸಾಹುಕಾರರು ದಾರಿ ಬಿಟ್ಟದ್ದು.

ಪ್ರತಿ ವರ್ಷ ಹಳದಿ ರಿಬ್ಬನ್ ಇರುತ್ತಿತ್ತು. ಈ ಸಲ ಸಿಗಲಿಲ್ಲ ಅಂತ ಮೇಷ್ಟ್ರು ಕೆಂಪು ತಂದರು. ಅರವತ್ತನಾಲ್ಕು ತುಂಡು ಮಾಡಿ ಶನಿವಾರ ನಾನೇ ಕಟ್ಟಿಕೊಂಡು ಬಂದೆ. ಆದರೆ ಆರನೇ ಬ್ಲಾಕಿನಲ್ಲಿ ಆಗಲೇ ಕೆಂಪು ರಿಬ್ಬನ್‌ಗಳಿದ್ದವು. ಬೋರರ್ ಹುಳ ಹೊಡೆದ ಕಾಫಿ ಗಿಡಗಳನ್ನು ಕಿತ್ತು ಸುಡಬೇಕಲ್ಲ, ಅದಕ್ಕೆ ಗುರುತು ಅಂತ ಜನವರಿಯಲ್ಲಿ ನಾನೇ ಮುಂದೆ ನಿಂತು ಕಟ್ಟಿಸಿದ್ದು. ಓಟದ ದಾರಿಗೂ ಕೆಂಪು, ರೋಗದ ಗಿಡಕ್ಕೂ ಕೆಂಪು. ಬೆಳಿಗ್ಗೆ ಎಲ್ಲರೂ ಸಾಲಾಗಿ ನಿಂತಾಗ ಒಂದು ಮಾತು ಹೇಳಬೇಕಿತ್ತು. ಮರೆತೆ.

ಇಲ್ಲ, ಮರೆಯಲಿಲ್ಲ. ನಾಲಿಗೆಯ ತುದಿಯಲ್ಲೇ ಇತ್ತು. ಓಡಿದ ಒಂಬತ್ತು ಹೆಂಗಸರಲ್ಲಿ ನಾವು ಎಂಟು ಜನ ಆ ತೋಟದಲ್ಲೇ ದುಡಿಯುವವರು. ಕಣ್ಣು ಕಟ್ಟಿ ಬಿಟ್ಟರೂ ನಮಗೆ ದಾರಿ ತಪ್ಪುವುದಿಲ್ಲ. ರಿಬ್ಬನ್ ನೋಡಿಕೊಂಡು ಓಡಬೇಕಾದವಳು ನೀನೊಬ್ಬಳೇ. ಅದಕ್ಕೇ ಬಾಯಿ ಮುಚ್ಚಿಕೊಂಡೆ.

ಹದಿಮೂರನೇ ಕಿಲೋಮೀಟರಿನಲ್ಲಿ ಸಿಲ್ವರ್ ಮರದ ಹತ್ತಿರ ದಾರಿ ಎರಡಾಗುತ್ತದೆ, ಬಲಕ್ಕೆ ಓಟದ ದಾರಿ, ಎಡಕ್ಕೆ ಆರನೇ ಬ್ಲಾಕು. ನಾನು ಮುಂದಿದ್ದೆ, ನೀನು ಒಂದು ತಿರುವಿನಷ್ಟು ಹಿಂದೆ. ಒಣ ಎಲೆಯ ಮೇಲೆ ನಿನ್ನ ಬೂಟಿನ ಸದ್ದು ಹತ್ತಿರ ಹತ್ತಿರ ಬರುತ್ತಿತ್ತು. ಮುಂದಿನ ಏರಿನಲ್ಲಿ ನೀನು ನನ್ನನ್ನು ದಾಟುತ್ತೀಯ, ಮತ್ತೆ ನಗುತ್ತೀಯ ಅಂತ ಗೊತ್ತಿತ್ತು. ನಾನು ಬಲಕ್ಕೆ ಏರಿದೆ. ಮೇಲಿನಿಂದ ತಿರುಗಿ ನೋಡಿದರೆ ನೀನು ಕವಲಿನಲ್ಲಿ ನಿಂತು ಆ ಕಡೆ ಈ ಕಡೆ ನೋಡುತ್ತಿದ್ದೆ. ಆಮೇಲೆ ಎಡಕ್ಕೆ ಕೆಂಪು ಕಂಡು ಇಳಿದೆ. ಕೂಗಿದರೆ ಕೇಳಿಸುವಷ್ಟು ದೂರ. ಕೂಗಲಿಲ್ಲ. ಕೂಗಲು ಉಸಿರಿರಲಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ.

ಒಂದೊಂದೇ ರೋಗದ ಗಿಡ ಹಿಡಿದುಕೊಂಡು ಹಳ್ಳದವರೆಗೆ ಇಳಿದೆಯಂತೆ. ಇಪ್ಪತ್ತೈದು ನಿಮಿಷ ಹಾಳಾಯಿತು. ಮೊಣಕಾಲು ತರಚಿಕೊಂಡು, ಸ್ಕಾರ್ಫಿನ ತುಂಬ ಮುಳ್ಳು ಅಂಟಿಸಿಕೊಂಡು, ಐದನೆಯವಳಾಗಿ ಬಂದೆ. "ಕವಲಲ್ಲಿ ರಿಬ್ಬನೇ ಇರ್ಲಿಲ್ಲ ಸರ್" ಅಂತ ಮೂರು ಸಲ ಹೇಳಿದೆ. ಮೇಷ್ಟ್ರು ನನ್ನ ಕಡೆ ತಿರುಗಿ, ಕಟ್ಟಿದ್ದೆಯಾ ಅಂತ ಕೇಳಿದರು. ಕಟ್ಟಿದ್ದೆ ಸರ್ ಅಂದೆ. ಅದು ಸುಳ್ಳಲ್ಲ. ಎರಡನೆಯವಳಾಗಿ ಬಂದ ದೇವೀರಮ್ಮನನ್ನು ಕೇಳಿದರೆ, "ನಾ ಎಂತಕ್ಕೆ ರಿಬ್ಬನ್ ನೋಡ್ಲಿ, ದಿನಾ ಕೊಯ್ಲಿಗೆ ಹೋಗೋ ದಾರಿ" ಅಂದಳು. ಮೇಷ್ಟ್ರು ನಿನಗೇ ಬೈದರು. "ತಲೆ ಎತ್ತಿ ಓಡ್ಬೇಕು ಹುಸ್ನಾ. ಕಣ್ಣೆಲ್ಲಿಟ್ಟಿದ್ದೆ?" ಅಂದರು. ಆ ಮಾತು ಹಿಡಿದುಕೊಂಡೇ ನೀನು ಕಣ್ಣಿನ ಡಾಕ್ಟರ ಹತ್ತಿರ ಹೋದದ್ದು ಅಂತ ನನಗೆ ಇವತ್ತು ಹೊಳೆಯಿತು.

ನೀನು ಹೋದ ಮೇಲೆ ಚನ್ನಕೇಶವ ಎಣಿಸಿದ. ಅರವತ್ತಮೂರೇ ಇದ್ದವು. ಯಾವುದು ಎಲ್ಲಿಯದು ಅಂತ ಅವನಿಗೇನು ಗೊತ್ತು? ವರ್ಷವೂ ಒಂದೆರಡು ಹೋಗುತ್ತವೆ. "ಯಾವ್ದೋ ಮಂಗ ಕಿತ್ಕೊಂಡು ಹೋಗಿರ್ತದೆ ಬಿಡು" ಅಂದರು ಮೇಷ್ಟ್ರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಕಪ್ಪು ಇನ್ನೂ ಆಫೀಸಿನ ಬೀರುವಿನ ಮೇಲೇ ಇದೆ, ಮನೆಗೆ ತೆಗೆದುಕೊಂಡು ಹೋಗಿಲ್ಲ. ಅದರ ಕಡೆ ಬೆನ್ನು ಮಾಡಿ ಕೂತುಕೊಂಡು ಇದನ್ನು ಬರೆಯುತ್ತಿದ್ದೇನೆ.

ಬೋರರ್ ಗಿಡದ ವಿಷಯ ಹೇಳದಿದ್ದದ್ದು, ಕೂಗದಿದ್ದದ್ದು, ಎರಡೂ ನನ್ನ ತಪ್ಪು. ಒಪ್ಪಿಕೊಂಡೆ. ಕವಲಿನ ರಿಬ್ಬನ್ನನ್ನು ಮಂಗವೇ ಕಿತ್ತಿರಬಹುದು, ಗಾಳಿಗೆ ಹೋಗಿರಬಹುದು, ಅದು ನನಗೆ ಗೊತ್ತಿಲ್ಲ. ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಕ್ಲಬ್ಬಿಗೆ ವಾಪಸ್ ಬಾ. ಭಾನುವಾರ ನನ್ನ ಜೊತೆ ಚಿಕ್ಕಮಗಳೂರಿಗೆ ಹೊರಡು, ನೀರಿನ ಬಾಟಲಿ ಹಿಡಿದು ನಿಂತಿರು, ನನಗೂ ಧೈರ್ಯ. ಮುಂದಿನ ವರ್ಷ ಹೇಗೂ ನಿನ್ನದೇ. ನಾನು ಗೆದ್ದರೆ ಅದರಲ್ಲಿ ಅರ್ಧ ಹುಸ್ನಾಗೆ ಸೇರಬೇಕು ಅಂತ ಎಲ್ಲರೆದುರು ಹೇಳುತ್ತೇನೆ.

ಎಂಟನೇ ಕ್ಲಾಸಿನಿಂದ ನಿನ್ನ ಬೆಂಚಿನಲ್ಲೇ ಕೂತವಳು,
ರಂಜಿತಾ

ತಾ.ಕ.: ಕವರಿಗೆ ಗೋಂದು ಹಚ್ಚಿ, ಉಬೈದ್ ಕೈಗೆ ಕೊಡೋಣ ಅಂತ ಗ್ಯಾರೇಜಿನವರೆಗೆ ಹೋಗಿ, ಹಾಗೇ ತಿರುಗಿ ಬಂದು ಕವರು ಹರಿದೆ. ನೀರಿನ ಬಾಟಲಿ ಹಿಡಿದು ನಿಂತಿರು ಅಂತ ಬರೆದಿದ್ದೇನಲ್ಲ, ಥೂ, ನನಗೇ ಅಸಹ್ಯವಾಯಿತು. ಈ ಕಾಗದದ ಜೊತೆ ಒಂದು ಕೆಂಪು ತುಂಡು ಇಟ್ಟಿದ್ದೇನೆ, ನೋಡು. ಸಿಲ್ವರ್ ಮರದ್ದು. ನಿನ್ನ ಬೂಟಿನ ಸದ್ದು ಕೇಳಿದಾಗ ತುದಿ ಹಿಡಿದು ಎಳೆದೆ. ಜಾರುಗಂಟಲ್ಲವೇ, ನಿಲ್ಲಬೇಕಾಗಿಯೂ ಬರಲಿಲ್ಲ. ಒಂಬತ್ತು ದಿನದಿಂದ ನನ್ನ ಬ್ಯಾಗಿನಲ್ಲಿದೆ, ಬಿಸಾಡಲು ಕೈ ಬರಲಿಲ್ಲ. ಇದನ್ನೇ ಮೇಷ್ಟ್ರಿಗೂ ಬರೆದು, ಚೀಟಿಯನ್ನು ಕಪ್ಪಿನೊಳಗೆ ಹಾಕಿ ಚನ್ನಕೇಶವನ ಕೈಯಲ್ಲಿ ಕಳಿಸಿಯಾಗಿದೆ, ಇನ್ನು ವಾಪಸ್ ಕೇಳುವ ಹಾಗಿಲ್ಲ. ಭಾನುವಾರ ಓಡಬೇಕಾದವಳು ನೀನು. ನಾನು ನೋಡಲು ಬರುವುದಿಲ್ಲ. ನೀನು ಗೆಲ್ಲುವುದನ್ನು ಕಣ್ಣಾರೆ ನೋಡುವಷ್ಟು ದೊಡ್ಡ ಮನಸ್ಸು ನನಗಿನ್ನೂ ಬಂದಿಲ್ಲ. ಮೇಷ್ಟ್ರು ಹೇಳಿದ ಆ ಮಂಗ ನಾನೇ ಹುಸ್ನಾ. ನಿನ್ನ ಕಣ್ಣೂ ಸರಿ ಇದೆ, ತಲೆಯೂ ಸರಿ ಇದೆ.